ಹೋಗಿ ಬರ್ರಿ

ಆ ಕಾಲದಲ್ಲಿ ರೋಗಿಯ ವಿವರವನ್ನು ಯಾರೂ ಬರೆದಿಡುತ್ತಿರಲಿಲ್ಲ. ಆಸ್ಪತ್ರೆಯ ಗೋಡೆಯೊಳಗಿನ ಕಂಪ್ಯೂಟರು ಅದನ್ನು ರೋಗಿಯದೇ ದನಿಯಲ್ಲಿ ಹೇಳುತ್ತಿತ್ತು. ರೋಗಿ ತೀರಿಕೊಂಡರೆ ಮನೆಯವರು ಬಂದು ಗೋಡೆಗೆ 'ಹೋಗು' ಎನ್ನಬೇಕು. ಅಲ್ಲಿಯವರೆಗೆ ಆ ದನಿ ತನ್ನ ಕೊನೆಯ ನೋವನ್ನು ದಿನವೂ ಹೇಳುತ್ತಲೇ ಇರುವುದು.

ನೀಲಗಂಗವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದಳು. ಲಿಂಗೈಕ್ಯನಾದ ಗಂಡ ಶಂಕ್ರೆಪ್ಪನಿಗೆ ಇನ್ನಾದರೂ ನೋವು ತಪ್ಪಲಿ ಎಂಬುದೊಂದೇ ಅವಳ ಬೇಡಿಕೆ. ಕೈಮುಗಿದು, "ಹೋಗಿ ಬರ್ರಿ" ಎಂದಳು.

"ಆತು, ಮುಂದಿನ ಸೋಮವಾರ ಬರ್ತೇನಿ," ಎಂದಿತು ಗೋಡೆ, ಶಂಕ್ರೆಪ್ಪನ ದನಿಯಲ್ಲಿ.

ನರ್ಸ್ ಫರ್ಜಾನಾ ಹತ್ತಿರ ಬಂದಳು. "ಅಮ್ಮಾ, ಬರ್ರಿ ಅಂದ್ರ ಅದು ಮತ್ತ ಬರೋ ದಿನಾ ಗೊತ್ತು ಮಾಡ್ತೈತಿ. ಬರೇ ಹೋಗ್ರಿ ಅನ್ರಿ."

"ಹೊಸ್ತಿಲ ದಾಟೋರಿಗೆ ಬರೇ ಹೋಗು ಅಂತಾರೇನವಾ? ನಾಲಿಗಿ ಹೊಳ್ಳಂಗಿಲ್ಲ."

ಮತ್ತೆ ಮತ್ತೆ ಪ್ರಯತ್ನಿಸಿದಳು. ಪ್ರತಿಸಲವೂ 'ಬರ್ರಿ' ತಾನಾಗಿಯೇ ಬೆನ್ನಿಗೆ ಬರುತ್ತಿತ್ತು. ಗೋಡೆಯ ತಿಳಿನೀಲಿ ಬೆಳಕು ಕೆರೆಯ ನೀರಿನಂತೆ ಅಲುಗುತ್ತಿತ್ತು. "ಎದಿ ಉರಿತೈತಿ," ಎಂದಿತು ದನಿ. ಅವಳ ಕಣ್ಣು ತುಂಬಿತು. ಆಮೇಲೆ, ಬದುಕಿದ್ದಾಗ ಡಾಕ್ಟರ ಮುಂದೆ ಹೇಳಿದಂತೆಯೇ, ಅದು ಹೇಳಿತು: "ಔಷಧ ಯಾಕ್ರೀ ಡಾಕ್ಟರ? ನಮ್ಮ ಗಂಗಿ ನಕ್ಕರ ಅರ್ಧಾ ಬ್ಯಾನಿ ಇಳಿತೈತಿ."

ನೀಲಗಂಗವ್ವ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಹೋಗ್ರೀ ಅತ್ಲಾಗ! ಮಂದಿ ಮುಂದ ಏನಿದು?"

ಗೋಡೆಯ ಬೆಳಕು ಮೆಲ್ಲನೆ ಆರಿ, ದನಿ ನಿಂತಿತು. ಅವಳ ತುಟಿಯ ಮೇಲೆ ಆ ನಗೆ ಇನ್ನೂ ಇತ್ತು.