ಅಟ್ಟದ ಮೇಲಿನ ಕಾಯಿ

ಮರ ಕೊಯ್ಯುವ ಮಾದೇಶ ಗರಗಸದ ಮೋಟಾರು ಚಾಲು ಮಾಡುವಷ್ಟರಲ್ಲಿ, ಭೈರಮ್ಮ ಅಟ್ಟದಿಂದ ತಂದ ತೆಂಗಿನಕಾಯಿಯನ್ನು ಗಂಡ ದೊಡ್ಡರಂಗಯ್ಯನ ಕಿವಿಗೆ ಹಿಡಿದು ರಪರಪ ಅಲ್ಲಾಡಿಸಿದಳು.

"ಇನ್ನೂ ನೀರೈತೆ ಕಣೇ. ಮುಟ್ಬ್ಯಾಡ, ಅಟ್ಟದ ಮ್ಯಾಲೇ ಬುಡು. ತಾನಾಗೇ ಒಣಗಿ ಕೊಬ್ಬರಿ ಆಯ್ತದೆ," ಎಂದ ಅವನು.

"ಮುಟ್ಟದೆ ಬುಟ್ಟ ಕಾಯಿಗೆ ತಿಪಟೂರಲ್ಲಿ ದುಡ್ಡು ಕೊಟ್ರೆ ಅದು ಯಾಪಾರ. ಈ ಹಿತ್ತಲ ತೋಪು ಕಡೀದೆ ಬುಟ್ರೆ ಮರ ಹೊಗೆ ಹೀರೋದಕ್ಕೆ ದುಡ್ಡು ಕೊಡ್ತೀವಿ ಅಂತ ಕಾರ್ಬನ್ ಕಂಪ್ನಿಯೋರು ಅಂದ್ರೆ ಅದು ಮಾತ್ರ ಮೋಸವಾ?"

ಮಾದೇಶ ಕಿಸಕ್ಕೆಂದು ನಕ್ಕ. "ಅಣ್ಣೋ, ಕೊಯ್ಲಾ, ಬ್ಯಾಡ್ವಾ?"

ದೊಡ್ಡರಂಗಯ್ಯ ತಲೆಯೆತ್ತಿದ. ತೋಪಿನ ಹುಣಸೆ ಕೊಂಬೆಯಲ್ಲಿ, ಇರುಳು ಓಡಾಡುವ ಕಾಡುಪಾಪವೊಂದು ಉಂಡೆ ಕೊಬ್ಬರಿಯ ಹಾಗೆ ದುಂಡಗೆ ಮುದುರಿ, ಇಷ್ಟು ಗಲಾಟೆಗೂ ಏಳದೆ ಮಲಗಿತ್ತು.

"ಕಾಫಿ ಕುಡ್ಕೊಂಡು ಹೊರಡು ಕಣ್ಲಾ ಮಾದೇಶ," ಎಂದವನೇ ಹೆಂಡತಿಯ ಕೈಯಿಂದ ಕಾಯಿ ತೆಗೆದುಕೊಂಡು, ಅದನ್ನು ಅಟ್ಟಕ್ಕೆ ಹಾಕಲು ತಾನೇ ಏಣಿ ಹತ್ತಿದ.