ಉಪ್ಪುನೀರಿನಲ್ಲಿ ಬಿಳಿ ಅಂಗಿ

ಮಗಳ ಅಂಗಿಯ ರಕ್ತದ ಕಲೆಗೆ ಉಪ್ಪು ಹಚ್ಚಿ ತಿಕ್ಕುವಾಗ ಇವತ್ತು ನನ್ನ ಬೆರಳಿನ ಸಣ್ಣ ಗಾಯ ಚುರುಗುಟ್ಟಿತು.

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ಮಾನ್ವಿಯಲ್ಲಿದ್ದೆವು. ಅವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಒಣಗಿದ ಹತ್ತಿಕಾಯಿಯ ಚೂಪು ತುದಿಗಳು ಅವಳ ಬೆರಳುಗಳನ್ನು ಸೀಳಿಬಿಟ್ಟಿದ್ದವು. ಒಂದು ಭಾನುವಾರ ನನ್ನ ಶಾಲೆಯ ಬಿಳಿ ಅಂಗಿಗೆ ಗುಂಡಿ ಹಚ್ಚಿಟ್ಟಳು. ಮಧ್ಯಾಹ್ನ ನೋಡಿದರೆ ಕಾಲರಿನ ಮೇಲೆ ಎರಡು ರಕ್ತದ ಚುಕ್ಕೆ ಒಣಗಿದ್ದವು.

"ನಿನ್ನ ಹೊಲಸು ಕೈ ಯಾಕ ಹಚ್ಚಿದಿ ಬೇ? ನಾಳಿ ಎಲ್ಲಾರೂ ನಗ್ತಾರ!" ಎಂದು ಕೂಗಿ ಬಿಸಿನೀರು ತರಲು ಓಡಿದೆ.

"ಬಿಸಿನೀರು ಬ್ಯಾಡ, ಕಲಿ ಗಟ್ಟಿ ಆಗ್ತದ" ಎಂದಷ್ಟೇ ಹೇಳಿದ ಅವ್ವ, ತಣ್ಣೀರಿಗೆ ಹಿಡಿ ಉಪ್ಪು ಸುರಿದು, ಹಲ್ಲು ಕಚ್ಚಿಕೊಂಡು ತಿಕ್ಕತೊಡಗಿದಳು.

ಪಕ್ಕದಲ್ಲಿ ನಿಂತು ಅಂಗಿಯನ್ನೇ ನೋಡುತ್ತಿದ್ದ ನಾನು, "ಇನ್ನಾ ಅದ, ಜೋರ್‌ಲೆ ತಿಕ್ಕು" ಎಂದೆ.