ಸಾವಿನ ಮನೆಯ ಅನಾನಸ್

"ಅವನು ಸಾಯ್ಲಿ ಅಂತ ದಿನಾ ಬೇಡ್ಕೊಂಡಿದೀನಿ," ಎಂದು ಕೋರಲಿ ಹೇಳಿದ್ದೇ ತಡ, ಅತ್ತೆಯ ಕೈ ಅವಳ ಕೆನ್ನೆಗೆ ಅಪ್ಪಳಿಸಿತು. ತುಟಿ ಒಡೆಯಿತು.

"ಬಾಯ್ಮುಚ್ಚೇ!" ಎಂದಳು ವರ್ನಾ. "ಪೊಲೀಸಿನೋನ ಮುಂದೆ ಆಡೋ ಮಾತಾ ಇದು?"

ಅಧಿಕಾರಿ ಹೋಯ್ಟ್ ತಡೆಯಲಿಲ್ಲ. ಕೋರಲಿಯ ಗಂಡ ಡೆಲ್ಬರ್ಟ್ ಕೊಟ್ಟಿಗೆಯಲ್ಲಿ ಬಿದ್ದಿದ್ದ. ಸುತ್ತಿಗೆಯ ಏಟಿಗೆ ಮುಖ ಗುರುತು ಸಿಗದಷ್ಟು ಜಜ್ಜಿಹೋಗಿತ್ತು. ರಕ್ತ ಹುಲ್ಲಿನ ಕಟ್ಟುಗಳವರೆಗೂ ಸಿಡಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೆಣ ಸಿಕ್ಕಿತು. ರಸ್ತೆಯಾಚೆ ಇದ್ದ ಡೆಲ್ಬರ್ಟ್‌ನ ತಾಯಿ ವರ್ನಾಳ ಬಾಗಿಲು ತಟ್ಟಿ ಹೋಯ್ಟ್‌ನೇ ಸುದ್ದಿ ಮುಟ್ಟಿಸಿದ್ದ. ಅವನ ಹಿಂದೆಯೇ ಆಕೆ, ಟವೆಲ್ಲು ಸುತ್ತಿದ ಗಾಜಿನ ಪಾತ್ರೆ ಹಿಡಿದು ಕೋರಲಿಯ ಅಡುಗೆಮನೆಗೆ ಬಂದಿದ್ದಳು.

"ನನ್ನ ಕೈ ಮುರಿದಿದೆ," ಎಂದು ಕೋರಲಿ ಪ್ಲಾಸ್ಟರ್ ತೋರಿಸಿದಳು. ಹೋದ ವಾರ ಡೆಲ್ಬರ್ಟ್ ತಿರುಚಿದ ಕೈ ಅದು.

"ಸುತ್ತಿಗೆಗೆ ಒಂದೇ ಕೈ ಸಾಕು. ನಡಿ." ಹೋಯ್ಟ್ ಬೇಡಿ ತೆಗೆದ.

ಕೋರಲಿ ಗೋಡೆಯ ಗಡಿಯಾರ ನೋಡಿದಳು. ಈ ಊರಿನಲ್ಲಿ ಗಂಡನನ್ನು ಕೊಂದವಳಿಗೆ ಜೀವಾವಧಿ. ಮಗಳು ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರಿರುತ್ತಾರೆ?

"ಕೂತ್ಕೊಳೋ ಹೋಯ್ಟ್. ಸಾವಿನ ಮನೆಯಿಂದ ಯಾರೂ ಹಸ್ಕೊಂಡು ಹೋಗಬಾರ್ದು," ಎಂದು ವರ್ನಾ ಬಡಿಸಿದಳು. ಅನಾನಸ್, ಚೀಸು, ಮೇಲೆ ಬೆಣ್ಣೆಯಲ್ಲಿ ಕೆಂಪಾದ ಬಿಸ್ಕತ್ತಿನ ಪುಡಿ. ಇನ್ನೂ ಕುದಿಯುತ್ತಿತ್ತು. ಆ ಮನೆತನದಲ್ಲಿ ಅದನ್ನು ಸಾವಿಗೆ ಮಾತ್ರ ಬೇಯಿಸುವುದು. ಅತ್ತೆಯಿಂದ ಸೊಸೆಗೆ ಮಾತ್ರ ಹೇಳಿಕೊಡುವುದು. ಹನ್ನೊಂದು ವರ್ಷದಲ್ಲಿ ಕೋರಲಿಗೆ ವರ್ನಾ ಅದನ್ನು ಹೇಳಿಕೊಟ್ಟಿರಲಿಲ್ಲ.

"ಕೇಳಿಸ್ಕೋ, ಇನ್ಮೇಲೆ ನೀನೇ ಮಾಡ್ಬೇಕು. ಹಣ್ಣಿನ ರಸ ಚೆಲ್ಬೇಡ. ಸಕ್ಕರೆ ಒಂದು ಬಟ್ಟಲು. ಉರಿ ಸಣ್ಣಗಿರ್ಲಿ."

ಜೈಲಿಗೆ ಹೊರಟವಳಿಗೆ ಅಡುಗೆ ಪಾಠ! ಮುದುಕಿಗೆ ತಲೆ ಕೆಟ್ಟಿತೇ? ಆದರೂ ಕೋರಲಿಯ ಬಾಯಿಂದ ಮಾತು ಹೊರಟಿತು. "ಎಷ್ಟು ಹೊತ್ತು, ಅತ್ತೆ?"

"ಒಂದೂವರೆ ಗಂಟೆ. ಒಂದು ನಿಮಿಷವೂ ಕಮ್ಮಿ ಆಗಬಾರ್ದು."

ಹೋಯ್ಟ್‌ನ ಚಮಚ ಬಾಯಿಯ ಹತ್ತಿರವೇ ನಿಂತಿತು. "ಅಮ್ಮಾ... ನಾನು ನಿಮಗೆ ಸುದ್ದಿ ಹೇಳಿ ಇನ್ನೂ ಕಾಲು ಗಂಟೆ ಆಗಿಲ್ಲ."

ವರ್ನಾ ಎರಡೂ ಮುಂಗೈಗಳನ್ನು ಅವನ ಮುಂದೆ ಚಾಚಿದಳು.

"ಸುದ್ದಿ ಬರ್ಲಿ ಅಂತ ಕಾಯ್ತಾ ಕೂತ್ರೆ ಬಿಸಿಬಿಸಿ ತರೋಕಾಗತ್ತೇನೋ? ಡೆಲ್ಬರ್ಟ್‌ನ ಅಪ್ಪನಿಗೆ ಮಾಡ್ದಾಗ್ಲೂ ಅಷ್ಟೇ. ನಾನು ಒಲೆ ಹಚ್ಚೋವಾಗ ಅವನಿನ್ನೂ ಬದುಕಿದ್ದ."